ಕೊಟೇಶನ್ ಚೀಟಿ

ಶಿವಮೊಗ್ಗದಿಂದ ಭದ್ರಾವತಿಗೆ ಹೆಚ್ಚುಕಮ್ಮಿ 20 ಕಿಲೋಮೀಟರ್. ಆದ್ರೆ 2004ರಲ್ಲಿ ಗುಡಾಣದಂಥ ಮಾನಿಟರನ್ನು ತೊಡೆ ಮೇಲೆ ಇಟ್ಕೊಂಡು ಬಸ್ಸಲ್ಲಿ ಬಂದ ನನಗೆ ಅದು ಇನ್ನೂರು ಕಿಲೋಮೀಟರ್ ಅನ್ನಿಸಿತ್ತು. ಪಕ್ಕದಲ್ಲಿ ಅಪ್ಪ, ಸಿಪಿಯುವನ್ನು ಮಗುವಿನ ಥರ ತಬ್ಬಿಕೊಂಡು ಕೂತಿದ್ರು.

ಅದು ಅಸೆಂಬಲ್ಡ್ ಕಂಪ್ಯೂಟರ್. ಪೆಂಟಿಯಮ್ 4, 256 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್‌ಡಿಸ್ಕ್. ದುರ್ಗಿಗುಡಿ ಕಡೆಯ ಪುಟ್ಟ ಅಂಗಡಿಯವರು ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ರು. ಅರ್ಧ ದುಡ್ಡು ಆಗಲೇ, ಉಳಿದದ್ದು ಕಂತಲ್ಲಿ. ಅಪ್ಪ ಎಂಪಿಎಂ ನೌಕರರು. ಅಷ್ಟು ಹೇಳಿದ್ರೆ ಸಾಕಿತ್ತು, ಬೇರೆ ಜಾಮೀನು ಯಾರೂ ಕೇಳ್ತಿರಲಿಲ್ಲ. (ಆ ಕಾಗದ ಕಾರ್ಖಾನೆಯೇ ಈಗ ನಿಂತುಹೋಗಿದೆ, ಬಿಡಿ.)

ಇಂಥ ಅಂಗಡಿಗಳು ಆಗ ಹೆಚ್ಚಿದ್ದು ಸುಮ್ಮನೆ ಅಲ್ಲ. 1997ರ ಐಟಿ ಒಪ್ಪಂದದ ಪ್ರಕಾರ ಕಂಪ್ಯೂಟರ್ ಭಾಗಗಳ ಆಮದು ಸುಂಕ ಇಳೀತಾ ಬಂದು, 2005ರ ಹೊತ್ತಿಗೆ ಸೊನ್ನೆ ಆಯ್ತು. ಶಿವಮೊಗ್ಗದಲ್ಲಿ ಜೆಎನ್‌ಎನ್‌ಸಿಇ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ. ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡೋ ಹುಡುಗರಿಗೇನು ಬರ. ಅಂಗಡಿಯಲ್ಲಿ ಇಲ್ಲದ ಮದರ್‌ಬೋರ್ಡ್ ಬೆಂಗಳೂರಿನ ಎಸ್‌ಪಿ ರೋಡಿಂದ ರಾತ್ರಿ ಬಸ್ಸಿಗೆ ಪಾರ್ಸೆಲ್ ಆಗಿ ಬೆಳಿಗ್ಗೆ ಇಲ್ಲಿರ್ತಿತ್ತು. ಅದನ್ನೇ ನಾವು ಈಗ ‘ನೆಕ್ಸ್ಟ್ ಡೇ ಡೆಲಿವರಿ’ ಅಂತೀವಿ.

ಈಗ ನನ್ನ ತಪ್ಪಿನ ಕಥೆ. ಹೋದ ವರ್ಷ ಹೊಸ ಲ್ಯಾಪ್‌ಟಾಪ್ ಬೇಕಿತ್ತು. ಅದೇ ಅಂಗಡಿಗೆ ಹೋಗಿ ಮುಕ್ಕಾಲು ಗಂಟೆ ಕೂತೆ. ಯಾವುದರಲ್ಲಿ ರ‍್ಯಾಮ್ ಹೆಚ್ಚಿಸಬಹುದು, ಯಾವುದರ ಹಿಂಜ್ ಬೇಗ ಮುರಿಯುತ್ತೆ, ಎಲ್ಲ ಹೇಳಿದ್ರು. ಚೀಟಿಯನ್ನೂ ಬರೆದುಕೊಟ್ರು. ಮೆಟ್ಟಿಲು ಇಳಿಯೋಷ್ಟರಲ್ಲಿ ಅದೇ ಮಾಡೆಲನ್ನು ಫೋನಲ್ಲಿ ಆರ್ಡರ್ ಮಾಡಿದೆ. ಉಳಿದದ್ದು 2,300 ರೂಪಾಯಿ.

ಅಕ್ಟೋಬರ್ 14, 2025ಕ್ಕೆ ವಿಂಡೋಸ್ 10ಕ್ಕೆ ಸಪೋರ್ಟ್ ನಿಂತಿತಲ್ಲ, ಆಗ ಮತ್ತೆ ಅಲ್ಲಿಗೇ ಹೋಗಬೇಕಾಯ್ತು. ಅಪ್ಪನ ಹಳೇ ಡೆಸ್ಕ್‌ಟಾಪ್ ಆರನೇ ಜನರೇಶನ್‌ದು. ವಿಂಡೋಸ್ 11 ಅಧಿಕೃತವಾಗಿ ಕೇಳೋದು ಇಂಟೆಲ್ ಎಂಟನೇ ಜನರೇಶನ್‌ನಿಂದ ಮೇಲೆ. ಗುಜರಿಗೆ ಹಾಕೋಣ ಅಂದುಕೊಂಡಿದ್ದೆ.

“ಏನಾಗಿದೆ ಇದಕ್ಕೆ? ಅಪ್ಪಾವ್ರು ನೋಡೋದು ಯೂಟ್ಯೂಬು, ಪೇಪರ್ರು ತಾನೇ? ಒಂದು ಎಸ್‌ಎಸ್‌ಡಿ ಕೂರಿಸಿ ಲಿನಕ್ಸ್ ಹಾಕ್ತೀನಿ. ಇನ್ನೈದು ವರ್ಷ ಓಡುತ್ತೆ.”

ಕೆಲಸ ಮಾಡ್ತಾ ಮಾಡ್ತಾ ನನ್ನ ಬ್ಯಾಗಲ್ಲಿದ್ದ ಲ್ಯಾಪ್‌ಟಾಪ್ ಕಡೆ ಕಣ್ಣು ಹಾಯಿಸಿದ್ರು. “ಎಷ್ಟಕ್ಕೆ ಬಂತು?” ಹೇಳಿದೆ. ಸಿಟ್ಟು ಮಾಡ್ಕೊಂಡಿದ್ರೆ ಚೆನ್ನಾಗಿರ್ತಿತ್ತು. “ನಂಗೆ ಡೀಲರ್ ಕೊಡೋ ರೇಟೇ ಅದಕ್ಕಿಂತ ಜಾಸ್ತಿ ಸಾರ್,” ಅಂದು ಸ್ಕ್ರೂ ಬಿಗಿ ಮಾಡಿದ್ರು. ಮಾರಾಟದಿಂದ ಈಗ ಬಾಡಿಗೆಯೂ ಹುಟ್ಟಲ್ವಂತೆ. ರಿಪೇರಿ, ಸಿಸಿಟಿವಿ, ಪ್ರಿಂಟರ್ ರೀಫಿಲ್ ಇವೇ ಆಧಾರ.

ಎಸ್‌ಎಸ್‌ಡಿ ದುಡ್ಡು ಬಿಟ್ಟು ಕೂಲಿ 300 ಅಂದ್ರು. 500 ಕೊಟ್ಟು ಇರ್ಲಿ ಬಿಡಿ ಅಂದ್ರೆ ಕೇಳಲಿಲ್ಲ, ಡ್ರಾಯರ್ ತಡಕಾಡಿ 200 ವಾಪಸ್ ಕೊಟ್ರು.

ಮುಂದಿನ ಸಲ ಅಲ್ಲೇ ತಗೊಳ್ತೀನಿ ಅಂತ ಬರೆಯೋಕೆ ಇಷ್ಟ. ವ್ಯತ್ಯಾಸ 500 ಆದ್ರೆ ಖಂಡಿತ. 5,000 ಆದ್ರೆ? ನಿಜ ಹೇಳ್ತೀನಿ, ನಂಗೆ ಗೊತ್ತಿಲ್ಲ. ಆದ್ರೆ ಕೊಳ್ಳೋ ಮನಸ್ಸಿಲ್ಲದೆ ಅವರ ಹತ್ರ ಚೀಟಿ ಬರೆಸೋದನ್ನಂತೂ ಬಿಟ್ಟಿದೀನಿ.