ಗರಗಸ ತಲೆ ಎಣಿಸುವುದಿಲ್ಲ



ಸಂಘಟನೆಯ ಕೆಲಸಕ್ಕೆ ಬರುವ ಮೊದಲು ನಾನು ಶಾಲೆಯಲ್ಲಿ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವನು. ಅಂಥ ಒಬ್ಬ ಹುಡುಗ, ಬಡಿಗರ ಮನೆಯವನು, ಈಚೆಗೆ ನನ್ನನ್ನು ಹುಡುಕಿಕೊಂಡು ಬಂದ. ಬಲಗೈಗೆ ಬಟ್ಟೆ ಸುತ್ತಿತ್ತು. ಹೆಬ್ಬೆರಳೂ ಇಲ್ಲ, ತೋರುಬೆರಳೂ ಇಲ್ಲ. ಎಡಗೈಯಲ್ಲಿ ಒಂದು ಕಾಗದ. "ನನ್ನ ಸ್ವಂತ ಅಜಾಗರೂಕತೆಯಿಂದ ಬ್ಯಾಂಡ್‌ಸಾ ಯಂತ್ರಕ್ಕೆ ಕೈ ಕೊಟ್ಟೆನು, ಮಾಲಕರ ಮೇಲೆ ನನ್ನ ತಕರಾರು ಇರುವದಿಲ್ಲ" ಎಂದು ಅದರಲ್ಲಿ ಯಾರೋ ಬರೆದಿದ್ದರು. ಕೆಳಗೆ ಎಡಗೈಯ ಹೆಬ್ಬಟ್ಟು. ಓದುಬರಹ ಬಲ್ಲ ಹುಡುಗ ಹೆಬ್ಬಟ್ಟು ಒತ್ತಿದ್ದ!

"ಏನ್ ಮಾಡ್ಲಿರಿ ಗುರುಗಳ, ಪೆನ್ನ ಹಿಡಿಯಾಕ ಬೆರಳ ಇಲ್ಲಲ್ರಿ" ಎಂದ.

ಆ ವರ್ಕ್‌ಶಾಪಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದರ ಹೆಸರು ಬರೆದರೆ ಉಳಿದವರೆಲ್ಲ ತಾವು ನಿರಪರಾಧಿಗಳೆಂದು ಮಗ್ಗಲು ಬದಲಿಸಿ ಮಲಗಿಬಿಡುತ್ತಾರೆ. ಆದರೆ ಆದದ್ದನ್ನು ಹೇಳಲೇಬೇಕು. ಕೊಯ್ಯುತ್ತಿರುವಾಗ ಕರೆಂಟು ಹೋಯಿತು. ಪಟ್ಟಿ ಕಟ್ಟಿಗೆಯಲ್ಲಿ ಸಿಕ್ಕು ನಿಂತಿತು. ಸ್ವಿಚ್ಚು ತೆಗೆಯುವುದನ್ನು ಹುಡುಗ ಮರೆತ. ಅದನ್ನು ಅವನೇ ಒಪ್ಪುತ್ತಾನೆ. ಸಿಕ್ಕ ತುಂಡನ್ನು ಬಿಡಿಸಲು ಕೈ ಹಾಕಿದ. ಅಷ್ಟರಲ್ಲಿ ಕರೆಂಟು ಬಂತು.

ಇಲ್ಲಿ ಅಜಾಗರೂಕರು ಯಾರು? ಹೋದ ಕರೆಂಟು ಮರಳಿ ಬಂದಾಗ ಮೋಟರು ತಾನಾಗಿ ಓಡದಂತೆ ತಡೆಯುವ ಸ್ಟಾರ್ಟರು ಪೇಟೆಯಲ್ಲಿ ಸಿಗುತ್ತದೆ. ಅದು ಅಲ್ಲಿ ಇರಲಿಲ್ಲ. ಗಾಲಿಗೆ ಮುಚ್ಚಳ ಇರಲಿಲ್ಲ. ಪಟ್ಟಿಯ ಹಲ್ಲು ಮೊಂಡಾಗಿ ಎಷ್ಟೋ ದಿನಗಳಾಗಿದ್ದವು. ಹುಡುಗ ಒಂದು ಗಳಿಗೆ ಮರೆತ. ಮಾಲಕರು ವರ್ಷಗಟ್ಟಲೆ ಮರೆತರು. ಆದರೆ ಕಾಗದದ ಮೇಲೆ ತಪ್ಪು ಯಾರದಾಯಿತು?

ಬ್ಯಾಂಡ್‌ಸಾ ಸೌಮ್ಯ ಯಂತ್ರವೆಂದು ಹೆಸರು ಪಡೆದಿದೆ. ಎರಡು ಗಾಲಿಗಳ ಮೇಲೆ ಹಲ್ಲಿನ ಉಕ್ಕಿನ ಪಟ್ಟಿಯೊಂದು ಸುತ್ತುತ್ತದೆ, ಅಷ್ಟೆ. ಹಲ್ಲು ಕಟ್ಟಿಗೆಯನ್ನು ಮೇಜಿಗೇ ಒತ್ತುವುದರಿಂದ, ದುಂಡು ಗರಗಸದಂತೆ ಅದು ತುಂಡನ್ನು ಎದೆಗೆ ಎಸೆಯುವುದು ಕಡಿಮೆ. ಈ ಸೌಮ್ಯತೆಯೇ ಮೋಸ. ಚಿಕ್ಕ ವರ್ಕ್‌ಶಾಪಿನ ಯಂತ್ರದಲ್ಲಿಯೂ ಪಟ್ಟಿ ನಿಮಿಷಕ್ಕೆ ಸುಮಾರು ೩,೦೦೦ ಅಡಿ ಓಡುತ್ತದೆ, ಅಂದರೆ ಸೆಕೆಂಡಿಗೆ ೫೦ ಅಡಿ. ನೋವು ತಿಳಿದು ಕೈ ಹಿಂದೆಗೆಯುವುದರೊಳಗೆ ಬೆರಳು ಮೇಜಿನ ಮೇಲಿರುತ್ತದೆ.

ಹೂವಿನ ಹಿಪ್ಪರಗಿಯಂಥ ಊರುಗಳಲ್ಲಿ ಚೌಕಟ್ಟು, ಕೂರಿಗೆ, ಕುಂಟೆ ಮಾಡುವ ಬಡಿಗರಿಗೂ, ಪಟ್ಟಣದ ಕಟ್ಟಿಗೆ ಅಡ್ಡೆಗಳಲ್ಲಿ ದುಡಿಯುವವರಿಗೂ ಕೆಲಸದ ಸರಿಯಾದ ರೀತಿಯನ್ನು ಯಾರೂ ಕೂತು ಹೇಳಿಕೊಡುವುದಿಲ್ಲ. ಆದ್ದರಿಂದ ಈ ಪತ್ರಿಕೆಯಲ್ಲೇ ಹೇಳುತ್ತೇನೆ. ಕತ್ತರಿಸಿ ಗೋಡೆಗೆ ಹಚ್ಚಿರಿ.

ಮುಂಜಾನೆ ಮೇನ್ ಸ್ವಿಚ್ಚು ತೆಗೆದಿಟ್ಟು, ಗಾಲಿಯನ್ನು ಕೈಯಿಂದ ಮೆಲ್ಲನೆ ತಿರುಗಿಸಿ ಪಟ್ಟಿಯನ್ನು ಪೂರ್ತಿ ನೋಡಿರಿ. ಹಲ್ಲಿನ ಬುಡದಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ, ಬೆಸುಗೆ ಬಿಟ್ಟಂತೆ ತೋರಿದರೂ ಆ ಪಟ್ಟಿ ಓಡಬಾರದು. ಹಲ್ಲುಗಳ ಮೊನೆ ಮೇಜಿನತ್ತ, ಕೆಳಮುಖವಾಗಿರಬೇಕು. ಪಕ್ಕದ ಗೈಡುಗಳು ಪಟ್ಟಿಗೆ ತಾಗದಂತೆ ಸಮೀಪದಲ್ಲಿರಬೇಕು. ಹಿಂದಿನ ಬೇರಿಂಗು ಕಟ್ಟಿಗೆ ಒತ್ತಿದಾಗ ಮಾತ್ರ ಪಟ್ಟಿಯ ಬೆನ್ನಿಗೆ ತಾಗಬೇಕು. ಗಾಲಿಯ ರಬ್ಬರಿಗೆ ಮೆತ್ತಿದ ಹೊಟ್ಟು, ಅಂಟು ತೆಗೆಯದಿದ್ದರೆ ಪಟ್ಟಿ ಜಾರುತ್ತದೆ. ಹಳೆ ಮನೆ ಬಿಚ್ಚಿದ ತೊಲೆ, ಜಂತಿ, ಕಂಬ ನಮ್ಮ ಕಡೆ ಮತ್ತೆ ಕೊಯ್ತಕ್ಕೆ ಬರುತ್ತವೆ. ಅವುಗಳಲ್ಲಿ ಅಡಗಿದ ಒಂದು ಮೊಳೆ ಪಟ್ಟಿಯನ್ನು ಹರಿಯಬಲ್ಲದು. ಮೊಳೆ ಕೀಳದ ತೊಲೆಯನ್ನು ಮೇಜಿಗೆ ಏರಿಸಬೇಡಿರಿ.

ಕೊಯ್ಯುವಾಗ ಮೇಲಿನ ಗೈಡನ್ನೂ ಅದರ ಮುಚ್ಚಳವನ್ನೂ ಕಟ್ಟಿಗೆಯಿಂದ ಕಾಲು ಇಂಚಿನಷ್ಟು ಮೇಲೆ ನಿಲ್ಲುವಂತೆ ಇಳಿಸಿರಿ. ಕೊಯ್ಯುವಷ್ಟು ಪಟ್ಟಿ ಮಾತ್ರ ಹೊರಗೆ ಕಾಣಬೇಕು. ಕೈ ಎಂದೂ ಪಟ್ಟಿಯ ಸಾಲಿನಲ್ಲಿರಬಾರದು. ಕೊನೆಯ ನಾಲ್ಕಾರು ಇಂಚನ್ನು ಕೋಲಿನಿಂದ ತಳ್ಳಿರಿ. ದುಂಡು ಕಟ್ಟಿಗೆಯನ್ನು ಬರಿಗೈಯಲ್ಲಿ ಹಿಡಿದರೆ ಪಟ್ಟಿ ಅದನ್ನು ಗಿರ್ರನೆ ತಿರುಗಿಸಿ ಕೈಯನ್ನೂ ಎಳೆಯುತ್ತದೆ. ಅದನ್ನು ನಡುವೆ ತೋಡಿದ ಹಲಗೆಯಲ್ಲಿ ಭದ್ರವಾಗಿ ಕೂಡ್ರಿಸಿಯೇ ಕೊಯ್ಯಬೇಕು. ಹೆಗಲ ವಲ್ಲಿ, ಜೋಲುವ ತೋಳು, ಕೈಗವಸು ಇವು ಓಡುವ ಪಟ್ಟಿಯ ಮುಂದೆ ಬೇಡ. ಬಿಚ್ಚಿದ ಪಟ್ಟಿಯನ್ನು ಸುತ್ತುವಾಗ ಮಾತ್ರ ಚರ್ಮದ ಕೈಗವಸು ಬೇಕು, ಕಣ್ಣಿಗೆ ಕನ್ನಡಕ ಬೇಕು. ಸಿಕ್ಕ ಕಟ್ಟಿಗೆಯನ್ನು ಹಿಂದಕ್ಕೆ ಎಳೆಯುವ ಮೊದಲು ಸ್ವಿಚ್ಚು ತೆಗೆದು, ಗಾಲಿ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಸ್ವಿಚ್ಚು ತೆಗೆದರೂ ಗಾಲಿ ಬಹಳ ಹೊತ್ತು ಸುತ್ತುತ್ತಿರುತ್ತದೆ. ಟಕ್ ಟಕ್ ಎಂದು ಒಂದೇ ಸಮ ಸಪ್ಪಳ ಬಂದರೆ ಪಟ್ಟಿ ಸೀಳಿದೆಯೆಂದೇ ತಿಳಿದು ನಿಲ್ಲಿಸಿ ದೂರ ಸರಿಯಿರಿ. ಕರೆಂಟು ಹೋದರೆ ಮೊದಲು ಸ್ವಿಚ್ಚು, ಆಮೇಲೆ ಮಿಕ್ಕ ಮಾತು. ಸಂಜೆ ಪಟ್ಟಿಯ ಬಿಗಿ ಸಡಿಲಿಸಿದರೆ "ಪಟ್ಟಿ ಸಡಿಲಿದೆ" ಎಂದು ಬರೆದು ಸ್ವಿಚ್ಚಿಗೆ ತೂಗಹಾಕಿರಿ. ಮರುದಿನ ಇನ್ನೊಬ್ಬನು ತಿಳಿಯದೆ ಚಾಲೂ ಮಾಡಬಾರದು.

ಇನ್ನು ಹೊಟ್ಟಿನ ಪುಡಿ. ಕಟ್ಟಿಗೆಯ ಧೂಳು ಮನುಷ್ಯನಿಗೆ ಕ್ಯಾನ್ಸರ್ ತರಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೧೯೯೫ರಲ್ಲೇ ಸಾರಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು. ಧೂಳನ್ನು ಯಂತ್ರದ ಬಾಯಲ್ಲೇ ಎಳೆದು ಹೊರಹಾಕುವ ಏರ್ಪಾಡು ಬೇಕು.

ಇಷ್ಟು ಓದಿ ಮಾಲಕರು ಹೇಳುವ ಮಾತು ನನಗೆ ಗೊತ್ತು. "ಇದೆಲ್ಲ ನೋಡುತ್ತ ಕೂತರೆ ಕೆಲಸ ಸಾಗುವುದು ಯಾವಾಗ?" ಸ್ವಾಮಿ, ಮೊಂಡು ಪಟ್ಟಿಯಿಂದ ಕೆಲಸ ಸಾಗುತ್ತದೆಯೇ? ಹಲ್ಲು ಮೊಂಡಾದಷ್ಟೂ ಕಾಮಗಾರ ಜೋರಾಗಿ ಒತ್ತಬೇಕು. ಕಟ್ಟಿಗೆ ಫಕ್ಕನೆ ಮುಗಿದಾಗ ಒತ್ತಿದ ಕೈ ನೇರ ಪಟ್ಟಿಗೆ ಹೋಗುತ್ತದೆ. ಪಟ್ಟಿಯಲ್ಲಿ ಉಳಿಸಿದ ರೂಪಾಯಿ ಕಾಮಗಾರನ ಬೆರಳಿನಿಂದ ವಸೂಲಾದ ರೂಪಾಯಿ.

"ಮುಚ್ಚಳವನ್ನು ಅವರೇ ಕಿತ್ತರು" ಎಂಬುದು ಎರಡನೆಯ ಮಾತು. ಇಲ್ಲಿ ಎಚ್ಚರವಿರಲಿ! ಪರಿಹಾರದ ಕಾಯಿದೆಯ ಪ್ರಕಾರ ಬರಿಯ ಅಜಾಗರೂಕತೆ ಪರಿಹಾರಕ್ಕೆ ಅಡ್ಡಿಯಲ್ಲ. ಆದರೆ ರಕ್ಷಣೆಯ ಸಾಧನವನ್ನು ಕಾಮಗಾರ ಬೇಕೆಂದೇ ತೆಗೆದನೆಂದು ತೋರಿಸಿಕೊಟ್ಟರೆ, ಸಾವು ಇಲ್ಲವೆ ಸಂಪೂರ್ಣ ಶಾಶ್ವತ ಅಂಗವಿಕಲತೆಯ ಹೊರತು, ಮಾಲಕ ನುಣುಚಿಕೊಳ್ಳಬಹುದು. ಆದ್ದರಿಂದ ಯಾರ ಮಾತಿಗೂ ಮುಚ್ಚಳ ಕೀಳಬೇಡಿರಿ. ಮುಚ್ಚಳ ಇಲ್ಲದಿದ್ದರೆ ಬೇಕೆಂದು ಬರೆದು ಕೊಡಿರಿ. ಪ್ರತಿಯೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿರಿ.

ಅದೇ ಕಾಯಿದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿ ನೂರಕ್ಕೆ ೩೦ ಕಡಿಮೆಯಾಯಿತೆಂದು ಬರೆದಿದೆ. ತೋರುಬೆರಳಿಗೆ ೧೪, ನಡುಬೆರಳಿಗೆ ೧೨. ಬಡಿಗನಿಗೆ ಹೆಬ್ಬೆರಳಿಲ್ಲದೆ ಉಳಿ ಹಿಡಿಯಲಾದೀತೇ? ಈ ಲೆಕ್ಕ ಹಾಕಿದವರು ಎಂದಾದರೂ ಉಳಿ ಹಿಡಿದಿದ್ದರೇ?

ಇನ್ನು ಕಾಯಿದೆಯ ದೊಡ್ಡ ಕಿಂಡಿಯನ್ನು ನೋಡಿರಿ. ಓಡುವ ಯಂತ್ರಕ್ಕೆ ಬೇಲಿ ಇರಲೇಬೇಕೆಂದು ೧೯೪೮ರ ಕಾರ್ಖಾನೆ ಕಾಯಿದೆಯ ೨೧ನೆಯ ಕಲಮು ಹೇಳಿತು. ಒಳ್ಳೆಯ ಮಾತು. ಆದರೆ ವಿದ್ಯುತ್ತು ಬಳಸುವಲ್ಲಿ ೧೦ ಜನ ದುಡಿದರೆ ಮಾತ್ರ ಅದು ಕಾರ್ಖಾನೆ. ೨೦೨೦ರ ಹೊಸ ಸುರಕ್ಷತಾ ಸಂಹಿತೆ, ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದದ್ದು, ಆ ಸಂಖ್ಯೆಯನ್ನು ೨೦ಕ್ಕೆ ಏರಿಸಿತು. ಒಂದು ಯಂತ್ರ, ಮೂರು ಜನ ಇರುವ ಬಡಿಗರ ಶೆಡ್ಡಿಗೆ ಇದರಿಂದ ಏನು ಬಂತು? ಮಸ್ಟರಿನಲ್ಲಿ ಎಷ್ಟು ಹೆಸರಿವೆಯೆಂದು ಕೇಳಿಕೊಂಡು ಗರಗಸ ಕೊಯ್ಯುತ್ತದೆಯೇ? ಕಾಯಿದೆ ತಲೆ ಎಣಿಸುತ್ತದೆ, ಗರಗಸ ಎಣಿಸುವುದಿಲ್ಲ! ಗರಗಸದ ಗಿರಣಿ ಇಡಲು ಅರಣ್ಯ ಇಲಾಖೆಯ ಪರವಾನಗಿ ಬೇಕು, ಮರದ ಲೆಕ್ಕ ಬೇಕು. ಬೆರಳಿನ ಲೆಕ್ಕ ಯಾರ ಪುಸ್ತಕದಲ್ಲಿದೆ?

ಚಿಕ್ಕ ಮಾಲಕ ಮಿತ್ರರೇ, ನಿಮ್ಮನ್ನು ದೊಡ್ಡ ಧಣಿಗಳ ಸಾಲಿನಲ್ಲಿ ನಿಲ್ಲಿಸುತ್ತಿಲ್ಲ. ಎಷ್ಟೋ ಕಡೆ ಪಟ್ಟಿಯ ಮುಂದೆ ನಿಲ್ಲುವವರು ನೀವೇ, ಇಲ್ಲವೆ ನಿಮ್ಮ ಮಗ. ಆದರೆ ತಿಳಿದಿರಲಿ: ಯಂತ್ರಶಕ್ತಿ ಬಳಸುವಲ್ಲಿ ಒಬ್ಬನೇ ಕಾಮಗಾರನಿದ್ದರೂ ಪರಿಹಾರದ ಹೊಣೆ ತಪ್ಪುವುದಿಲ್ಲ. ಒಂದು ಕೈಯ ಪರಿಹಾರದಲ್ಲಿ ನಿಮ್ಮ ಅಂಗಡಿಯೇ ಹೋದೀತು. ಮುಚ್ಚಳ, ಸ್ಟಾರ್ಟರು, ಹರಿತವಾದ ಪಟ್ಟಿ ಇವೇ ನಿಮ್ಮ ವಿಮೆ.

ನಮ್ಮ ಬೇಡಿಕೆ ಸರಳ. ಜನರೆಷ್ಟೇ ಇರಲಿ, ವಿದ್ಯುತ್ ಗರಗಸ ಇರುವಲ್ಲೆಲ್ಲ ಸುರಕ್ಷತೆಯ ಕಾಯಿದೆ ಹತ್ತಬೇಕು. ಚಿಕ್ಕ ಸ್ಥಳಗಳಿಗೂ ಕಾಯಿದೆ ಹಚ್ಚುವ ಅಧಿಕಾರವನ್ನು ೧೯೪೮ರ ಕಾಯಿದೆ ತನ್ನ ೮೫ನೆಯ ಕಲಮಿನಲ್ಲಿ ರಾಜ್ಯ ಸರಕಾರಕ್ಕೆ ಕೊಟ್ಟಿತ್ತು. ಅಂದಮೇಲೆ ಇದು ಆಗದ ಮಾತಲ್ಲ. ಮುಚ್ಚಳ, ಸ್ಟಾರ್ಟರು ಕೊಳ್ಳಲು ಚಿಕ್ಕ ಮಾಲಕನಿಗೆ ಸರಕಾರ ನೆರವು ಕೊಡಬೇಕು. ತರಬೇತಿ ಇಲ್ಲದವನನ್ನು ಯಂತ್ರದ ಮುಂದೆ ನಿಲ್ಲಿಸಬಾರದು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ಕಾಯಕದ ಹಿರಿಮೆಯನ್ನು ಪ್ರತಿ ವೇದಿಕೆಯಲ್ಲೂ ಕೇಳುತ್ತೇವೆ. ಕಾಯಕ ಮಾಡುವ ಕೈಯನ್ನು ಕಾಯುವ ಮಾತು ಯಾವ ವೇದಿಕೆಯಲ್ಲಿ?

ಆ ಹುಡುಗನ ಕಾಗದ ಈಗ ನನ್ನ ಬಳಿ ಇದೆ. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆನೆಂಬ ಯಾವ ಕರಾರೂ ಊರ್ಜಿತವಲ್ಲವೆಂದು ೧೯೨೩ರ ಕಾಯಿದೆಯ ೧೭ನೆಯ ಕಲಮು ಹೇಳಿತು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಆ ಹೆಬ್ಬಟ್ಟಿನಿಂದ ಅವನ ಹಕ್ಕು ಹೋಗಿಲ್ಲ. ಅರ್ಜಿ ಬರೆದಿದ್ದೇವೆ. ಎಡಗೈಯಿಂದ ಸಹಿ ಮಾಡಲು ಅವನು ಮತ್ತೆ ಅಕ್ಷರ ತಿದ್ದುತ್ತಿದ್ದಾನೆ. ಇಂಥ ಕಾಗದ ನಿಮ್ಮ ಮುಂದೆ ಬಂದರೆ ಹೆಬ್ಬಟ್ಟು ಒತ್ತಬೇಡಿರಿ, ನಮ್ಮಲ್ಲಿಗೆ ತನ್ನಿರಿ.