ಬೈಪಾಸ್ ಜೊತೆಗೆ ಕವಾಟವೂ ಸೋರಿದರೆ?

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರು ಹೃದಯದ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಮೈಸೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ಅಲ್ಲಿ ವೈದ್ಯರು ‘ಬೈಪಾಸ್ ಆಗಬೇಕು, ಕವಾಟವೂ ಸೋರುತ್ತಿದೆ’ ಎಂದಾಗ ಮನೆಯವರಿಗೆ ದಿಕ್ಕೇ ತೋಚುವುದಿಲ್ಲ. ಇವು ಎರಡು ಬೇರೆ ಕಾಯಿಲೆಗಳೇ? ಹಾಗೇನಿಲ್ಲ. ಎಷ್ಟೋ ಸಲ ಒಂದು ಇನ್ನೊಂದರ ಫಲ.

ಹೃದಯದ ಎಡಭಾಗದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಎರಡು ಕದದ ಬಾಗಿಲಿನಂಥ ದ್ವಿದಳ ಕವಾಟವಿದೆ. ಹೃದಯಾಘಾತದಿಂದ ಸ್ನಾಯು ಸೊರಗಿ ಕೆಳಕೋಣೆ ಹಿಗ್ಗಿದರೆ, ದಾರಂದ ಸರಿದ ಬಾಗಿಲಿನ ಹಾಗೆ ಕದಗಳು ಕೂಡುವುದಿಲ್ಲ. ರಕ್ತ ಹಿಂದಕ್ಕೆ ನುಗ್ಗಿ ಶ್ವಾಸಕೋಶದಲ್ಲಿ ಒತ್ತಡ ಹೆಚ್ಚುತ್ತದೆ. ಏರು ಹತ್ತಿದರೆ ಏದುಸಿರು, ರಾತ್ರಿ ಮಲಗಿದರೆ ಉಬ್ಬಸ ಕಾಣಿಸಿಕೊಳ್ಳುತ್ತದೆ.

ಸೋರಿಕೆ ಎಷ್ಟೆಂಬುದನ್ನು ಎಕೋ ಪರೀಕ್ಷೆ ಹೇಳುತ್ತದೆ. ಅಲ್ಪವಾಗಿದ್ದರೆ ಕವಾಟವನ್ನು ಮುಟ್ಟುವುದಿಲ್ಲ. ಬೈಪಾಸಿನಿಂದ ರಕ್ತ ಸಿಕ್ಕಿ ಸ್ನಾಯು ಚೇತರಿಸಿಕೊಂಡರೆ ಸೋರಿಕೆ ತಾನೇ ತಗ್ಗಬಹುದು.

ಮಧ್ಯಮ ಸೋರಿಕೆಯದೇ ಜಿಜ್ಞಾಸೆ. ಅಮೆರಿಕ, ಕೆನಡಾಗಳಲ್ಲಿ ಇಂಥ 301 ರೋಗಿಗಳನ್ನು ಎರಡು ವರ್ಷ ಗಮನಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಬೈಪಾಸ್ ಮಾತ್ರ ಆದವರಲ್ಲಿ ಶೇ 32ರಷ್ಟು ಮಂದಿಗೆ ಸೋರಿಕೆ ಉಳಿದಿತ್ತು. ಕವಾಟವನ್ನೂ ಸರಿಪಡಿಸಿದವರಲ್ಲಿ ಶೇ 11ರಷ್ಟು. ಆದರೆ ಬದುಕುಳಿದವರ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕವಾಟ ಸರಿಪಡಿಸಿದವರಲ್ಲಿ ನರಸಂಬಂಧಿ ತೊಂದರೆ, ಬಡಿತದ ಏರುಪೇರು ಹೆಚ್ಚಿದ್ದವು. ಆದ್ದರಿಂದ ಎಲ್ಲರಿಗೂ ಒಂದೇ ಮಾತು ಹೇಳಲಾಗದು.

ತೀವ್ರ ಸೋರಿಕೆಯಿದ್ದರೆ ಬೈಪಾಸ್ ಜೊತೆಯಲ್ಲೇ ಅದನ್ನೂ ನಿವಾರಿಸುವುದು ವಾಡಿಕೆ. ಇಂಥ 251 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ, ರಿಪೇರಿಯಾದವರ ಪೈಕಿ ಶೇ 59ರಷ್ಟು ಮಂದಿಗೆ ಎರಡು ವರ್ಷದೊಳಗೆ ಸೋರಿಕೆ ಮರುಕಳಿಸಿತು. ಹೊಸ ಕವಾಟ ಹಾಕಿದವರಲ್ಲಿ ಶೇ 4ರಷ್ಟು ಮಾತ್ರ.

ಹೊಸ ಕವಾಟವೆಂದರೆ ಯಾವುದು? ಕೃತಕ ಯಾಂತ್ರಿಕ ಕವಾಟ ದೀರ್ಘಕಾಲ ಬಾಳುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ದೇಶೀ ಕವಾಟವನ್ನು 1990ರಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಲಾಯಿತು. ಆದರೆ ಯಾಂತ್ರಿಕ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪರ್ಯಂತ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಮಾತ್ರೆ ಕಡಿಮೆಯಾದರೆ ಕವಾಟ ಕಟ್ಟಿಕೊಳ್ಳಬಹುದು, ಹೆಚ್ಚಾದರೆ ರಕ್ತಸ್ರಾವ. ಸೊಪ್ಪಿನ ಸಾರು ಬಿಡಬೇಕಿಲ್ಲ. ಒಂದು ವಾರ ಮೂಟೆಗಟ್ಟಲೆ, ಇನ್ನೊಂದು ವಾರ ಸೊನ್ನೆ ಎಂದಾಗಬಾರದು, ಅಷ್ಟೆ. ಪ್ರಾಣಿಜನ್ಯ ಅಂಗಾಂಶದ ಕವಾಟಕ್ಕೆ ಈ ಮಾತ್ರೆ ಸಾಮಾನ್ಯವಾಗಿ ಕೆಲವು ತಿಂಗಳು ಸಾಕು. ಆದರೆ ಅದು ವರ್ಷಗಳು ಕಳೆದಂತೆ ಸವೆಯುತ್ತದೆ, ಕಿರಿಯರಲ್ಲಿ ಬೇಗ.

ಹನೂರಿನ ಆಚೆಯ ಕಾಡಂಚಿನ ಹಳ್ಳಿಯವರು ರಕ್ತ ಪರೀಕ್ಷೆಗೆಂದು ಒಂದು ದಿನದ ಕೂಲಿ ಬಿಟ್ಟು ಬಸ್ಸು ಹಿಡಿಯಬೇಕಾದೀತು. ಆ ದೂರವನ್ನೂ ವೈದ್ಯರಿಗೆ ತಿಳಿಸಿ; ಕವಾಟದ ಆಯ್ಕೆಯಲ್ಲಿ ಅದಕ್ಕೂ ಲೆಕ್ಕವಿದೆ. ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿ: ಸೋರಿಕೆ ಎಷ್ಟು? ರಿಪೇರಿಯೋ, ಬದಲಾವಣೆಯೋ? ಪರೀಕ್ಷೆ ಎಲ್ಲಿ, ಎಷ್ಟು ದಿನಕ್ಕೊಮ್ಮೆ? ಕೇಳಲು ಸಂಕೋಚ ಬೇಡ.