ಗಡಿಯಾಚೆಯ ಮನೆಗಳಲ್ಲಿ ಚಿತ್ರಗೀತೆ

1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯವು ಭಾಷಾನುಸಾರವಾಗಿ ಹಂಚಿಹೋದಾಗ ಬೀದರ ಜಿಲ್ಲೆಯಲ್ಲಿದ್ದ ಜಹೀರಾಬಾದು, ನಾರಾಯಣಖೇಡಗಳೂ ಗುಲ್ಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದುವು. ಅಲ್ಲಿಯ ಕನ್ನಡ ಮನೆಗಳ ಬಹುಮಂದಿ ಮಕ್ಕಳು ಶಾಲೆಯಲ್ಲಿ ತೆಲುಗನ್ನೋ ಉರ್ದುವನ್ನೋ ಕಲಿತು, ಕನ್ನಡವನ್ನು ಅಡಿಗೆಮನೆಯಲ್ಲಿಯೂ ತೊಗರಿಯ ಹೊಲದಲ್ಲಿಯೂ ಉಳಿಸಿಕೊಂಡರು. ಅಕ್ಷರದ ಹಂಗಿಲ್ಲದೆ ಅಂಥವರಿಗೆ ಕನ್ನಡದ ಅಂತಃಕರಣವನ್ನು ಮುಟ್ಟಿಸಿದ ಸಾಧನಗಳಲ್ಲಿ ವಚನ, ಭಜನೆಗಳ ಮಗ್ಗುಲಲ್ಲಿಯೇ ಚಿತ್ರಗೀತೆಯನ್ನೂ ಇರಿಸಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಚಿತ್ರದ ಸಂಭಾಷಣೆಯಲ್ಲಿ ಸಂಕೋಚ, ಮರ್ಯಾದೆ, ಭಯಗಳು ಬೆರೆತಿರುವುವು; ಹಾಡಾದರೋ, ಎದುರಿಗಿರುವವರೊಡನೆ ಆಡಲಾರದುದನ್ನು ಪ್ರೇಕ್ಷಕನ ಮುಂದೆ ಇಳಿಸುವ ನಿವೇದನೆ. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿ ಪುಟ್ಟಣ್ಣ ಕಣಗಾಲರು 1967ರಲ್ಲಿ ನಿರ್ದೇಶಿಸಿದ ‘ಬೆಳ್ಳಿಮೋಡ’ವನ್ನು ನೋಡಿರಿ. ಬೇಂದ್ರೆಯವರ ‘ಬೆಳಗು’ ಕವಿತೆಯು ‘ಗರಿ’ ಸಂಕಲನದ ಪುಟದಲ್ಲಿರುವಾಗ ಸೂರ್ಯೋದಯದ ಮುಂದೆ ನಿಂತ ಕವಿಯ ಬೆರಗು, ಅದೇ ಕವಿತೆ ವಿಜಯಭಾಸ್ಕರರ ರಾಗಸಂಯೋಜನೆಯಲ್ಲಿ, ಕಲ್ಪನಾ ಅಭಿನಯಿಸಿದ ಇಂದಿರೆಯ ಹಾಡಾದೊಡನೆ, ತಂದೆಯ ಐಶ್ವರ್ಯಕ್ಕೆಲ್ಲ ಒಬ್ಬಳೇ ಮಗಳಾಗಿ ಬೆಳೆದ, ದುಃಖದ ಸುಳಿವನ್ನೇ ಅರಿಯದ ಹುಡುಗಿಯ ನಿಶ್ಚಿಂತ ಸಂತೋಷವಾಗಿಬಿಡುವುದು. ಮುಂದೆ ತಮ್ಮನೊಬ್ಬನು ಹುಟ್ಟಿ, ಆಸ್ತಿಯಾಸೆಯಿಂದ ಒಪ್ಪಿದ್ದ ವರನು ಹಿಂಜರಿದಾಗ, ಬೆಳಗಿನ ಹಾಡಿನಲ್ಲಿ ಹಗುರವಾಗಿ ಮೇಲೇರಿದ್ದ ಎಸ್. ಜಾನಕಿಯವರ ಕಂಠವೇ ಒಡೆದ ಮನಸ್ಸಿನ ಭಾರದಿಂದ ತಗ್ಗಿ ನಡೆಯುವುದು. ಈ ವ್ಯತ್ಯಾಸವನ್ನು ಕೇಳಿದವರಿಗೆ, ಅವನು ಮರಳಿ ಕೈಹಿಡಿಯಬಯಸಿದಾಗ ಇಂದಿರೆಯು ಒಲ್ಲೆನೆಂದುದು ಅನಿರೀಕ್ಷಿತವೆನಿಸುವುದಿಲ್ಲ.

ಜಾನಕಿಯವರು ಹುಟ್ಟಿದುದು ಗುಂಟೂರು ಸೀಮೆಯಲ್ಲಿ. ರಾಜಕುಮಾರರಿಗೆ ಬಹುಕಾಲ ಕಂಠವಾಗಿದ್ದ ಪಿ. ಬಿ. ಶ್ರೀನಿವಾಸರು ಕಾಕಿನಾಡದಲ್ಲಿ, 1971ರ ‘ಶರಪಂಜರ’ದಲ್ಲಿ ಹಾಡಿದ ಪಿ. ಸುಶೀಲಾ ವಿಜಯನಗರಂನಲ್ಲಿ. ತೆಲುಗು ನಾಡಿನ ಕಂಠಗಳು ಕನ್ನಡದ ಹೆಣ್ಣಿನ ಅಳಲನ್ನು ಇಷ್ಟು ಒಳಹೊಕ್ಕು ಹಾಡಿದುದರ ಅರ್ಥವನ್ನು, ತಾಂಡೂರಿನ ಕಲ್ಲುಗಣಿಯಲ್ಲಿ ಹಗಲೆಲ್ಲ ತೆಲುಗಿನಲ್ಲಿ ವ್ಯವಹರಿಸಿ ಸಂಜೆ ಮನೆಯವರೊಡನೆ ಕನ್ನಡದಲ್ಲಿ ಕಷ್ಟಸುಖ ಹೇಳಿಕೊಳ್ಳುವವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ತೆರೆಗೆ ಬಂದ ರಾಜಕುಮಾರರೇ ಅದೇ ವರ್ಷ ಅದೇ ಕಥೆಯ ತೆಲುಗು ಚಿತ್ರ ‘ಕಾಳಹಸ್ತಿ ಮಹಾತ್ಮ್ಯಂ’ನಲ್ಲಿ ಘಂಟಸಾಲರ ಕಂಠವನ್ನು ಪಡೆದು ಕಾಣಿಸಿಕೊಂಡರು, ಕಂಠವೂ ನುಡಿಯೂ ಬೇರೆಯಾದರೂ ಬೇಡನ ಆರ್ತತೆ ಬೇರೆಯಾಗಲಿಲ್ಲ.

ಆ ಮೂರು ಊರುಗಳ ಸುತ್ತಿನ ವಾಚಕರು, ತಮ್ಮ ಮನೆಯ ಹಿರಿಯರು ಯಾವ ಚಿತ್ರದ ಹಾಡನ್ನು ಯಾವ ದುಃಖದಲ್ಲಿ, ಯಾವ ಸಂಭ್ರಮದಲ್ಲಿ ಗುನುಗುತ್ತಿದ್ದರೆಂಬುದನ್ನು ಬರೆದು ಕಳುಹಬೇಕೆಂದು ಪ್ರಾರ್ಥಿಸುತ್ತೇವೆ. ಕನ್ನಡ ಲಿಪಿ ಬಾರದಿದ್ದರೆ ತೆಲುಗು ಲಿಪಿಯಲ್ಲಿಯೇ ಬರೆಯಲಿ. ಕನ್ನಡಕ್ಕೆ ಇಳಿಸಿ ಅಚ್ಚುಮಾಡುವ ಹೊಣೆ ನಮ್ಮದು.